ಬೆನ್ನಿಗೆ ಬೆನ್ನು ಕೊಟ್ಟ ಹಾಳೆಗಳು

ಆ ಬೆಳಗ್ಗೆ ಸೆಂಬವಾಂಗ್ ಬಡಾವಣೆಯ ಮೇಲೆ ಹೊಗೆ ಕವಿದು ಎದುರಿನ ಫ್ಲ್ಯಾಟುಗಳ ಬ್ಲಾಕೇ ಕಾಣುತ್ತಿರಲಿಲ್ಲ. ಸಮುದ್ರದಾಚೆಯ ಕಾಡು ಉರಿದು ಎದ್ದ ಹೊಗೆ. ಎರಡು ತಿಂಗಳಿಂದ ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಶಾಮಲಾ ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ಒತ್ತಿ, ದೇವರ ಮುಂದೆ ದೀಪ ಹಚ್ಚಿದಳು. ನವರಾತ್ರಿಯ ಸರಸ್ವತಿ ಪೂಜೆ. ಮಣೆಯ ಮೇಲೆ ಪುಸ್ತಕಗಳನ್ನು ಪೇರಿಸಿ, ಕೆಂಪು ರೇಷ್ಮೆ ಹೊದಿಸಿ, ಮೇಲೆ ದೇವಿಯ ಪಟ ಇಟ್ಟಿದ್ದಳು. ವಿಜಯದಶಮಿಯವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಹನ್ನೊಂದಕ್ಕೆ, ತಿಂಗಳ ಹಣ ಕೊಡುವ ಸರ್ಕಾರಿ ನೆರವಿನ ಕಚೇರಿಯ ಹುಡುಗಿ ಬರುವವಳಿದ್ದಳು. ಅವಳು ಬೆಂಗಳೂರಿನವರ ಮಗಳು, ಅವಳೂ ಮುಟ್ಟುವುದಿಲ್ಲ.

ಸುಳ್ಳು ಹೇಳುವುದನ್ನು ಶಾಮಲಾಗೆ ಕಲಿಸಿದ್ದು ಒಂದು ಕನ್ನಡಕ. ಜನವರಿಯಲ್ಲಿ ಬೆಂಗಳೂರಿನಿಂದ ಅಣ್ಣ ಪ್ರಕಾಶ, ಶಾಮಲಾಳ ಮಗಳು ತನಿಷಾಳ ಕನ್ನಡಕಕ್ಕೆಂದು ನೂರೈವತ್ತು ಡಾಲರ್ ಕಳಿಸಿದ್ದ. ಬಂದದ್ದನ್ನು ಬಂದಂತೆ ಹೇಳಬೇಕೆಂದು ಶಾಮಲಾ ಕಚೇರಿಗೆ ಹೋಗಿ ತಾನಾಗಿಯೇ ಬರೆಸಿ ಬಂದಳು. ಮುಂದಿನ ತಿಂಗಳ ನೆರವಿನಲ್ಲಿ ಸರಿಯಾಗಿ ನೂರೈವತ್ತು ಕಡಿಮೆ ಬಂತು. ಅವಳು ಯಾರನ್ನೂ ಕೇಳಲಿಲ್ಲ. ದೇವರ ಮುಂದೆ ಕೂತು, ಇನ್ನು ಮೇಲೆ ಬಾಯಿ ಬಿಡುವುದಿಲ್ಲ ಎಂದಷ್ಟೇ ಹೇಳಿಕೊಂಡಳು.

ಗಂಡ ಸಂಪತ್ ಹಿಂದೆ ದಿನವೂ ಕಂಪನಿ ಬಸ್ಸು ಹತ್ತಿ ಜುರಾಂಗ್ ಐಲ್ಯಾಂಡಿನ ಕಾರ್ಖಾನೆಗೆ ಹೋಗಿ ಬರುತ್ತಿದ್ದ. ಒಂದು ದಿನ ಬೇರೆ ದೇಶದ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ತಾಯಿಗೂ ಒಂಬತ್ತು ವರ್ಷದ ಮಗಳಿಗೂ ಇಲ್ಲಿನ ಪೌರತ್ವ ಉಳಿಯಿತು, ಒಂದು ಬಾಡಿಗೆ ಫ್ಲ್ಯಾಟು ಉಳಿಯಿತು, ತಿಂಗಳ ನೆರವು ಉಳಿಯಿತು. ಏಪ್ರಿಲಿನಲ್ಲಿ ನರ್ಸಿಂಗ್ ಡಿಪ್ಲೊಮಾಕ್ಕೆ ಸೀಟು ಸಿಕ್ಕಿತು. ಫೀಸಿಗೆ ಅನುದಾನ, ಖರ್ಚಿಗೆ ಸಾಲ, ಎರಡೂ ಮಂಜೂರಾದವು. ಮೂರು ವರ್ಷ ದಾಟಿದರೆ ಆಸ್ಪತ್ರೆಯ ಕೆಲಸ. ಆಮೇಲೆ ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಆದರೆ ಅಲ್ಲಿಯವರೆಗೆ ಅಕ್ಕಿ, ಬಾಡಿಗೆ, ಕರೆಂಟು ನಡೆಯಬೇಕಾದರೆ ನೆರವು ನಿಲ್ಲಬಾರದು. ನೂರೈವತ್ತಕ್ಕೇ ಕತ್ತರಿ ಹಾಕಿದವರು ಸಾವಿರಾರು ಡಾಲರಿನ ಸಾಲ ಕಂಡರೆ ಬಿಡುತ್ತಾರೆಯೆ?

ಹಾಗಾಗಿ ಅವಳು ಯೋಚಿಸಿದಳು, ಕಸೂತಿ ಹಾಕುವವಳ ತಾಳ್ಮೆಯಿಂದ. ಸಾಲದ ಹಣ, ಈ ಊರಿಗೆ ಬಂದ ಹೊಸದರಲ್ಲಿ ತೆರೆದು ಮರೆತಿದ್ದ, ಕಚೇರಿಗೆ ಗೊತ್ತಿಲ್ಲದ ಹಳೆಯ ಖಾತೆಗೆ ಹೋಗುವಂತೆ ಬರೆದುಕೊಟ್ಟಳು. ಕಾಲೇಜಿನ ಪತ್ರಗಳಿಗೆ ಉಬಿ ಬಡಾವಣೆಯಲ್ಲಿರುವ ಗೆಳತಿ ರಮಾಳ ವಿಳಾಸ ಕೊಟ್ಟಳು.

"ನಿನ್ನ ಲವ್ ಲೆಟರ್ ಬಂದಿದೆ ಕಣೇ," ಎಂದು ರಮಾ ಫೋನಿನಲ್ಲಿ ನಗುತ್ತಿದ್ದಳು. "ತೂಕ ನೋಡಿದ್ರೆ ಹುಡುಗ ಬಹಳ ಓದಿದೋನು ಅನ್ಸುತ್ತೆ."

"ಬಾಯಿ ಮುಚ್ಕೊಂಡು ಎತ್ತಿಡು, ಶನಿವಾರ ಬರ್ತೀನಿ."

"ಬರೋವಾಗ ಹುಳಿಯನ್ನ ತಗೊಂಡು ಬಾ. ಪೋಸ್ಟ್‌ಮ್ಯಾನ್ ಕೂಲಿ."

ಉಳಿದದ್ದು ಒಂದೇ ಪ್ರಶ್ನೆ: ಹಗಲೆಲ್ಲ ಎಲ್ಲಿರುತ್ತೀಯ ಎಂದು ಕಚೇರಿ ಕೇಳಿದರೆ? ಅದಕ್ಕೂ ಉತ್ತರ ಮನೆಯಲ್ಲೇ ಇತ್ತು. ಹಿಂದೆ ಮೂರು ತಿಂಗಳು ಅವಳು ಉಬಿಯಲ್ಲಿ ಪರಿಚಯದ ದ್ವಾರಕನಾಥ್ ಅಂಕಲ್ ಅವರ, ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿಗಳ ರಿಪೇರಿ ಅಂಗಡಿಯ ಲೆಕ್ಕಪತ್ರ ನೋಡಿಕೊಂಡಿದ್ದಳು. ಅಂಕಲ್ ಊರಿಗೆ ಹೋಗುವಾಗ, ಗಿರಾಕಿಗಳಿಗೆ ಕೊಟೇಶನ್ ಕಳಿಸಲೆಂದು ಖಾಲಿ ಲೆಟರ್‌ಹೆಡ್‌ಗಳಿಗೆ ಸಹಿ ಹಾಕಿಟ್ಟು ಹೋಗುವ ರೂಢಿಯಿತ್ತು. ಮೂರು ಹಾಳೆ ಅವಳ ಬಳಿಯೇ ಉಳಿದಿದ್ದವು. ಒಂದನ್ನು ಏಪ್ರಿಲಿನಲ್ಲಿ ತುಂಬಿದಳು: ಶಾಮಲಾ ನಮ್ಮಲ್ಲಿ ಅರೆಕಾಲಿಕ ಕೆಲಸದಲ್ಲಿದ್ದಾರೆ, ತಿಂಗಳಿಗೆ ಆರುನೂರು, ನಗದು. ಇನ್ನೊಂದನ್ನು ಜುಲೈನಲ್ಲಿ. ಇಲ್ಲದ ಆ ಸಂಬಳಕ್ಕಾಗಿ ನೆರವಿನಲ್ಲಿ ಸ್ವಲ್ಪ ಕಡಿತವಾಯಿತು. ಅದನ್ನು ಅವಳು ಬೇಸರಿಸದೆ ಒಪ್ಪಿಕೊಂಡಳು. ಪೂರ್ತಿ ಹೋಗುವುದಕ್ಕಿಂತ ಇಷ್ಟು ಹೋದದ್ದು ವಾಸಿ. ತನ್ನ ಎರಡು ಹೊತ್ತಿನ ಊಟವನ್ನು ಒಂದು ಹೊತ್ತಿಗೆ ಇಳಿಸಿದಳು.

ಕಾಗದದ ವಿಷಯದಲ್ಲಿ ಅವಳು ಬಹಳ ಶಿಸ್ತು. ಮನೆಗೆ ಬಂದ ಯಾವುದೇ ಮುಖ್ಯ ಪತ್ರದ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ಒಂದು ರಾತ್ರಿ ದೇವರ ಮುಂದಿಟ್ಟು, ಕುಂಕುಮ ಅಳಿಯದಂತೆ ಪ್ಲಾಸ್ಟಿಕ್ ಹೊದಿಕೆಗೆ ಸೇರಿಸುವಳು. ಹೊದಿಕೆಗೂ ಕಾಸು ಬೇಕಲ್ಲ. ಒಂದೊಂದರಲ್ಲಿ ಎರಡೆರಡು ಹಾಳೆ, ಬೆನ್ನಿಗೆ ಬೆನ್ನು ಕೊಟ್ಟು. ನೆರವಿನ ಕಚೇರಿಯ ಷರತ್ತಿನ ಹಾಳೆಯೂ ಮನೆಯ ಬಾಡಿಗೆ ಪತ್ರವೂ ಎರಡು ವರ್ಷದಿಂದ ಹಾಗೆ ಜೊತೆಯಾಗಿದ್ದವು. ಈ ಕಡೆಯಿಂದ ಷರತ್ತು, ಆ ಕಡೆಯಿಂದ ಬಾಡಿಗೆ.

ಈಗ ಕಾಲೇಜಿನ ಪುಸ್ತಕ, ಸಾಲದ ಪತ್ರ, ಗುರುತಿನ ಚೀಟಿ ಎಲ್ಲ ತನಿಷಾಳ ಶಾಲೆಯ ಪುಸ್ತಕಗಳ ಅಡಿಯಲ್ಲಿ, ರೇಷ್ಮೆಯ ಕೆಳಗೆ, ದೇವಿಯ ಪಾದದಲ್ಲಿದ್ದವು. ಹಾಗೆ ಇಟ್ಟಾಗ ಮನಸ್ಸು ಒಂದು ಕ್ಷಣ ಹಿಂಜರಿದಿತ್ತು. ವಿದ್ಯೆಯನ್ನೇ ತಾನೆ ದೇವಿಯ ಮಡಿಲಿಗೆ ಹಾಕುತ್ತಿರುವುದು ಎಂದು ಸಮಾಧಾನ ಮಾಡಿಕೊಂಡಳು.

ಹನ್ನೊಂದಕ್ಕೆ ಗಗನಾ ಬಂದಳು. ಇಪ್ಪತ್ತನಾಲ್ಕರ ಹುಡುಗಿ, ಇಲ್ಲೇ ಬೆಳೆದವಳು. ಬಾಗಿಲಲ್ಲಿ ಮಾಸ್ಕ್ ತೆಗೆದು, ಶೂ ಬಿಚ್ಚಿ, ಮಣೆಯ ಮುಂದೆ ಕೈ ಮುಗಿದಳು.

"ನಮ್ಮಮ್ಮನೂ ಹೀಗೇ ಇಡ್ತಾರೆ ಆಂಟಿ. ಚಿಕ್ಕವಳಿದ್ದಾಗ ಬೇಕಂತ ಮ್ಯಾಥ್ಸ್ ಹೋಮ್‌ವರ್ಕ್ ಎಲ್ಲ ಅಡೀಲಿ ಇಡ್ತಿದ್ದೆ. ದೇವ್ರು ಕಾಪಾಡ್ತಿದ್ರು."

ಮೇಲಿನ ತರಗತಿಯವರ ದೊಡ್ಡ ಪರೀಕ್ಷೆಯ ಪತ್ರಿಕೆ ತಿದ್ದುವ ದಿನಗಳೆಂದು ಶಾಲೆಗೆ ರಜೆಯಿತ್ತು. ತನಿಷಾ ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದಳು. ಗಗನಾ ಅವಳ ಕೆನ್ನೆ ತಟ್ಟಿ, "ಇಷ್ಟೊಂದು ಬುಕ್ಸ್ ಎಲ್ಲಾ ನಿಂದೇನಾ?" ಎಂದಳು.

"ಇಲ್ಲ ಲಾ, ಅಮ್ಮಂದೂ ಇದೆ," ಎಂದಳು ತನಿಷಾ, ಈ ಊರಿನವರು ಮಾತಿಗೆಲ್ಲ ಸೇರಿಸುವ 'ಲಾ' ಸೇರಿಸಿ.

"ಭಗವದ್ಗೀತೆ," ಎಂದಳು ಶಾಮಲಾ, ಕಾಫಿ ಲೋಟ ಮುಂದಿಡುತ್ತ. "ಶಾರದಾ ಸ್ತೋತ್ರ. ಹಳೇದೆಲ್ಲ."

ಗಗನಾ ನಕ್ಕು ಫೈಲು ತೆರೆದಳು. ಶಾಮಲಾ ಮೂರನೆಯ ಲೆಟರ್‌ಹೆಡ್ ಕೊಟ್ಟಳು, ಇವತ್ತಿನ ತಾರೀಖಿನದು. ಹುಡುಗಿ ಓದಿದಳು. ಮುಖ ಅರಳಿತು. ಗೆದ್ದೆ ಎಂದುಕೊಂಡಳು ಶಾಮಲಾ.

"ಸೂಪರ್ ಆಂಟಿ! ಆರು ತಿಂಗಳು ಕಂಟಿನ್ಯೂಸ್ ಆಗಿ ಕೆಲಸ. ಬಾಸ್ ನಿಮ್ಮ ಫೈಲ್ ನೋಡಿ ಎಷ್ಟು ಖುಷಿ ಪಟ್ರು ಗೊತ್ತಾ? ನೀವು ಸ್ವಂತ ಕಾಲ ಮೇಲೆ ನಿಂತಾಯ್ತು. ಮುಂದಿನ ತಿಂಗಳಿಂದ ಕೇಸ್ ಕ್ಲೋಸ್ ಮಾಡ್ತಿದೀವಿ. ಕಂಗ್ರಾಟ್ಸ್!"

ಶಾಮಲಾ ಮುಂದಕ್ಕೆ ಬಾಗಿದಳು. "ಕ್ಲೋಸ್ ಅಂದ್ರೆ... ದುಡ್ಡು?"

"ಇನ್ನು ನಿಮಗ್ಯಾಕೆ ಬೇಕು ಅದು?"

"ಅಕಸ್ಮಾತ್ ಕೆಲಸ ಬಿಟ್ರೆ? ಓದಬೇಕು ಅನ್ಸಿದ್ರೆ?" ಮಾತು ಅವಳಿಗಿಂತ ಮುಂಚೆ ಹೊರಬಿದ್ದಿತ್ತು.

"ಓದೋ ಹಾಗಿದ್ರೆ ಕತೆನೇ ಬೇರೆ ಲಾ! ಮೊದಲೇ ಹೇಳಿದ್ರೆ ಕೋರ್ಸ್ ಮುಗಿಯೋ ತನಕ ಕೊಡ್ತಿದ್ವಿ. ಆದ್ರೆ ನೀವು ಕೆಲಸದಲ್ಲಿದೀರಲ್ಲ. ಷರತ್ತಿನ ಶೀಟ್ ಕೊಡಿ, ಕ್ಲೋಸ್ ಮಾಡುವಾಗ ವಾಪಸ್ ತಗೋಬೇಕು."

ಹೊಗೆಯ ವಾಸನೆ ಎಲ್ಲಿಂದಲೋ ಒಳಗೆ ಬಂದಿತ್ತು. ನಾನು ಓದುತ್ತಿದ್ದೇನೆ ಎಂದು ಈಗಲೇ ಹೇಳಿಬಿಟ್ಟರೆ? ಹೇಳಿದರೆ ಹುಡುಗಿಯ ತೊಡೆಯ ಮೇಲಿರುವ ಮೂರು ಹಾಳೆಗಳು ಏನು? ದ್ವಾರಕನಾಥ್ ಅಂಕಲ್ ಅವರ ಸಹಿ ಏನು? ಸುಳ್ಳು ಕಾಗದಕ್ಕೆ ನಾನು ಜೈಲು ಸೇರಿದರೆ ತನಿಷಾ ಯಾರ ಮನೆಯಲ್ಲಿ? ಸುಮ್ಮನಿದ್ದರೆ ನವೆಂಬರಿನ ಅಕ್ಕಿ ಇಲ್ಲ, ಬಾಡಿಗೆ ಇಲ್ಲ, ಎರಡನೆಯ ವರ್ಷವೂ ಇಲ್ಲ. ಯಾವ ಕಡೆ ತಿರುಗಿದರೂ ತಾನೇ ಕಟ್ಟಿದ ಗೋಡೆ. ಅವಳು ಕಪಾಟಿನಿಂದ ಪ್ಲಾಸ್ಟಿಕ್ ಹೊದಿಕೆ ತಂದಳು. ಎರಡು ವರ್ಷದ ಸೆಕೆಗೆ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಉಗುರಿನಿಂದ ಮೆಲ್ಲಗೆ ಬಿಡಿಸಿದಳು.

ಷರತ್ತಿನ ಹಾಳೆಗೆ ಒಂದು ಬೆನ್ನಿತ್ತು. ಅದರ ತುಂಬ ಅಚ್ಚಿನ ಅಕ್ಷರಗಳಿದ್ದವು. ಗಗನಾ ಅದನ್ನು ಮಗುಚಿ, ಬೆರಳಿಟ್ಟು ತೋರಿಸಿದಳು: "ಇಲ್ಲೇ ಇದೆ ನೋಡಿ ಆಂಟಿ, ಆದಾಯ ಅಂತ ಹಿಡಿಯದೇ ಇರೋದು. ಓದೋಕೆ ತಗೊಂಡ ಸಾಲ, ಯಾಕಂದ್ರೆ ಅದನ್ನ ತೀರಿಸಬೇಕಲ್ಲ. ಫೀಸಿನ ಗ್ರಾಂಟ್. ಆಮೇಲೆ ಮನೆಯವರು ಒಂದು ಸಲ ಕೊಟ್ಟ ಗಿಫ್ಟ್. ನಿಮ್ಮ ಕೇಸ್ ಕ್ಲೋಸ್ ಮಾಡೋಕೆ ಹಳೇದೆಲ್ಲ ಚೆಕ್ ಮಾಡಿದಾಗ ಸಿಕ್ತು. ಜನವರಿಲಿ ನಿಮ್ಮಣ್ಣ ಕಳಿಸಿದ್ದನ್ನ ಕಟ್ ಮಾಡಿದ್ದು ನಮ್ಮದೇ ತಪ್ಪು. ನೀವು ಕೇಳಿದ್ರೆ ಆಗಲೇ ಕೊಡ್ತಿದ್ವಿ. ಸಾರಿ." ಅವಳು ಬ್ಯಾಗಿನಿಂದ ಒಂದು ಲಕೋಟೆ ತೆಗೆದು, ದನಿ ತಗ್ಗಿಸಿ, ಎರಡೂ ಕೈಯಿಂದ ಮುಂದೆ ಚಾಚಿದಳು. ಮೇಲೆ ನೂರೈವತ್ತು ಎಂದು ಬರೆದಿತ್ತು. ಶಾಮಲಾ ಬಲಗೈಯಲ್ಲಿ ತೆಗೆದುಕೊಂಡಳು. ಹುಟ್ಟಿದಾಗಿನಿಂದ ಬಂದ ರೂಢಿ, ಕಣ್ಣಿಗೊತ್ತಿಕೊಂಡಳು. ಮತ್ತೆ ಅದೇ ರೂಢಿಯಂತೆ, ಯಾರೂ ಮುಟ್ಟಬಾರದ, ಸಾಲದ ಪತ್ರ ಅಡಗಿಸಿದ್ದ ಆ ಕೆಂಪು ರೇಷ್ಮೆಯ ಮೇಲೆ, ದೇವಿಯ ಮುಂದೆ ಇಟ್ಟಳು.