ಎರಡು ಸಾವಿರದ ತೊಂಬತ್ತೊಂಬತ್ತರ ಆಟ

ಕಂಪ್ಯೂಟರ್ ಹೊರಗೆ ತಳ್ಳಿದ ಸಿಡಿಯನ್ನು ವನಜ ಸೆರಗಿನ ತುದಿಯಲ್ಲಿ ಹಿಡಿದೆತ್ತಿ ಬುತ್ತಿಚೀಲದ ತಳಕ್ಕೆ ಸೇರಿಸಿದಳು. ಮೇಳದ ಬುಕಿಂಗ್ ಆಫೀಸಿನ ಕಂಪ್ಯೂಟರಿನಲ್ಲಿದ್ದದ್ದೆಲ್ಲ ಈಗ ಅದರಲ್ಲಿತ್ತು. ಯಾರ ಮನೆಯ ಹರಕೆಯ ಯಕ್ಷಗಾನದ ಆಟ, ಯಾವ ವರ್ಷ, ಯಾವ ದಿನ ಎಂಬುದೆಲ್ಲ. ಮಗು ಹುಟ್ಟಿದ ಖುಷಿಗೆ ಕುಂದಾಪುರದ ಈ ಆಫೀಸಿಗೆ ಬಂದು ಆಟ ಬರೆಸಿದವರಿಗೆ ದಿನ ಸಿಗುವ ಹೊತ್ತಿಗೆ ಆ ಮಗು ಶಾಲೆಗೆ ಹೋಗುತ್ತಿರುತ್ತಿತ್ತು. ಅಷ್ಟುದ್ದದ ಸರದಿ.

ಹಿಂದೊಮ್ಮೆ ಪ್ರೋಗ್ರಾಂ ಹೊಸದು ಮಾಡಲು ಬಂದವನೊಬ್ಬ ಒಂದಿಡೀ ವರ್ಷದ ಬುಕಿಂಗ್ ಅಳಿಸಿ, ಬೈಕ್ ಹತ್ತಿ ಹೋಗಿಬಿಟ್ಟಿದ್ದ. ಒಂದೇ ದಿನಕ್ಕೆ ಎರಡು ಮನೆಯವರು ಚಪ್ಪರ ಹಾಕಿ ಕುಳಿತಿದ್ದರು. ಬೈಗುಳ ಮಾತ್ರ ವನಜಳ ಪಾಲಿಗೆ ಬಂತು. "ಇನ್ನೊಂದ್ಸಲ ಹೀಂಗಾರೆ ಈ ಕುರ್ಚಿ ಮೇಲೆ ಬೇರೆಯವ್ರ್ ಕೂಕಂತ್ರ್, ಕಾಣ್," ಎಂದಿದ್ದರು ಮ್ಯಾನೇಜರ್ ಲೀಲಾಧರಣ್ಣ. ಈ ಸಲ ಬರುವವನು ಬೈಂದೂರಿನವನಂತೆ. ಇನ್ನೇನು ಬರಬೇಕು.

"ಹ್ವಾಯ್, ಒಳ್ಗ್ ಬರ್ಲಕ್ಕಾ?"

ಬಾಗಿಲಲ್ಲಿ ನಿಂತವನ ಕೂದಲಿಗೆ ಕಿವಿಯ ಹತ್ತಿರ ಬಿಳಿ ಇಣುಕಿತ್ತು. ಹೆಸರು ರತೀಶ್. ಮುಂಬಯಿಯ ಹೋಟೆಲುಗಳಿಗೆ ಬಿಲ್ಲಿನ ಪ್ರೋಗ್ರಾಂ ಬರೆದುಕೊಟ್ಟು, ಊರಿಗೆ ಮರಳಿ ಅಂಗಡಿ ತೆರೆದವನು. ಮದುವೆಯಾಗಿಲ್ಲವೆಂದು ಲೀಲಾಧರಣ್ಣ ಕೇಳದೆಯೇ ಹೇಳಿದ್ದರು. ಈ ವಯಸ್ಸಿಗೂ ಮದುವೆಯಾಗದವನಲ್ಲಿ ಏನೋ ಒಂದು ಐಬು ಇರಲೇಬೇಕು ಎಂದುಕೊಂಡ ವನಜಳಿಗೆ, ಬ್ರಹ್ಮಾವರದಲ್ಲಿ ಅಕ್ಕಪಕ್ಕದವರು ತನ್ನ ಬಗ್ಗೆಯೂ ಅದನ್ನೇ ಆಡಿಕೊಳ್ಳುವುದು ನೆನಪಾಗಿ ಮುಖ ಬಿಗಿಯಾಯಿತು.

"ಮೇಡಂ, ಎಲ್ಲದರ ಕಾಪಿ ತೆಗ್ದಿಟ್ಟಿರ್ಯಾ?"

"ಇಲ್ಲೆ," ಎಂದಳು ವನಜ, ಅವನ ಕಣ್ಣು ನೋಡುತ್ತ. ಏನು ಮಾಡುತ್ತಾನೋ ಕಾಣುವ.

ಅವನು ಕೀಬೋರ್ಡಿನಿಂದ ಕೈ ಹಿಂದಕ್ಕೆ ತೆಗೆದ. "ಹಾಂಗಾರೆ ನಾನ್ ಮುಟ್ಟುದಿಲ್ಲೆ. ಮೊದ್ಲ್ ಕಾಪಿ." ಖಾಲಿ ಸಿಡಿಗಳನ್ನು ತೆಗೆದು ಎರಡು ಕಾಪಿ ಮಾಡಿ, ಒಂದನ್ನು ಅವಳ ಕೈಗಿತ್ತ. "ಇದ್ ನಿಮ್ಗೆ. ಇನ್ನೊಂದ್ರ ಮೇಲೆ ನಾನ್ ಮನೆಯಲ್ಲಿ ಕೆಲಸ ಮಾಡ್ತೆ. ಅಲ್ಲಿ ಸರಿ ಆದ್ರೆ ಮಾತ್ರ ಈ ಮಿಷನ್ನಿಗೆ ಕೈ."

"ಮನೆಗೆ ತಕಂಡ್ ಹೋತ್ರ್ಯಾ?"

"ಹೆದ್ರಬೇಡಿ ಮರಾಯ್ರೆ. ಆಟ ಬರ್ಸಿದವ್ರ ಹೆಸ್ರ್ ಕದ್ದ್ ನಾನೆಂತ ಚೌಕಿಯಲ್ಲಿ ವೇಷ ಕಟ್ಟುದಾ?"

ಅವನು ನಕ್ಕ. ನಗುವಾಗ ಒಂದೇ ಕೆನ್ನೆಯಲ್ಲಿ ಗುಳಿ ಬಿದ್ದಿತು. ವನಜ ಪಕ್ಕನೆ ಕಣ್ಣು ತೆಗೆದು ರಶೀದಿ ಪುಸ್ತಕದ ಮೇಲೆ ಇಟ್ಟಳು. ನಗುವ ಗಂಡಸರ ಮೇಲೆ ಅವಳಿಗೆ ಮೊದಲೇ ಗುಮಾನಿ.

ಆಮೇಲೆ ಅವನು ಎರಡು ದಿನಕ್ಕೊಮ್ಮೆ ಬರತೊಡಗಿದ. ಬಂದವನಿಗೆ ಏನಾದರೊಂದು ಕೇಳುವುದಿರುತ್ತಿತ್ತು. ಊರಿನ ಹೆಸರು ಮನೆಯ ಹೆಸರಿಗಿಂತ ಮೊದಲು ಬರಬೇಕೇ, ಪ್ರಸಂಗದ ಹೆಸರು ಎಷ್ಟು ಉದ್ದವಿರಬಹುದು, ಹೀಗೆ. ಫೋನಿನಲ್ಲಿ ಕೇಳಿದರೆ ತೀರುವ ಮಾತಿಗೆ ಬೈಂದೂರಿನಿಂದ ಬಸ್ ಹತ್ತಿ ಬರುತ್ತಿದ್ದ. ಬಿಲ್ಲು ಬೆಳೆಸಲಿಕ್ಕೆ ಇರಬೇಕು ಎಂದು ವನಜ ಲೆಕ್ಕ ಹಾಕಿದಳು. ಆದರೂ ಅವನು ಬರುವ ದಿನ ಅವಳ ಕೈ ಬೀರುವಿನಲ್ಲಿ ಹತ್ತಿಯ ಸೀರೆಗಳನ್ನು ದಾಟಿ ಮುಂದೆ ಹೋಗುತ್ತಿತ್ತು. ಅದನ್ನು ಮಾತ್ರ ಅವಳು ಯಾವ ಲೆಕ್ಕಕ್ಕೂ ಹಿಡಿಯಲಿಲ್ಲ.

"ನಿಮ್ದ್ ಕೆಲಸ ಮುಗುದ್ ಯಾವಾಗ?"

"ನೀವ್ ಓಡ್ಸುಕೇ ಕಾಂತಾ ಇಪ್ಪುದಲ್ದಾ?" ಎಂದು ಅವನು ಚಾ ಲೋಟದ ಮೇಲಿಂದ ನೋಡಿದ. ಆ ನೋಟ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಅಲ್ಲೇ ನಿಂತಿತು. ಅವಳು ಫ್ಯಾನು ಜೋರು ಮಾಡಿದಳು.

ಒಂದು ಬೆಳಿಗ್ಗೆ ಆಫೀಸಿನ ಫೋನು ಹೊಡೆದುಕೊಂಡಿತು. ಆಟ ಬರೆಸಿ ಕಾಯುತ್ತಿದ್ದ ಬೈಂದೂರು ಕಡೆಯ ಕುಷ್ಟಜ್ಜ.

"ಹೆಣ್ಣೆ, ನಮ್ಮನೆ ಆಟ ಎರಡ್ ಸಾವ್ರದ ತೊಂಬತ್ತೊಂಬತ್ತಕ್ಕಾ?"

"ಯಾರ್ ಹೇಳಿದ್ ಅಜ್ಜ?"

"ನಿಮ್ಮೋರೇ ಯಾರೋ ಫೋನ್ ಮಾಡಿದ್ರಲೆ. ಆ ವರ್ಷ ಆಟ ಇಪ್ಪುದ್ ಹೌದಾ ಅಂದೇಳಿ ಕೇಂಡ್ರ್. ನಾನ್ ಅಲ್ಲಿವರಿಗೆ ಬದ್ಕಿರ್ಕಂಬ್ರಾ? ಇದ್ರೂ ಆಟ ಕಾಂಬುಕೆ ಕಣ್ಣ್ ಬೇಕಲೆ?"

ಅಜ್ಜನನ್ನು ಸಮಾಧಾನ ಮಾಡಿ ವನಜ ಫೋನಿಟ್ಟಳು. ಆ ವರ್ಷವನ್ನು ಬರೆದವಳು ಅವಳೇ. ಆಟದ ದಿನ ಹತ್ತಿರ ಬಂದಾಗ ಮನೆಯಲ್ಲಿ ಸಾವಾದರೆ ಸೂತಕ. ಆ ದಿನವನ್ನು ಬೇರೆ ಮನೆಗೆ ಕೊಟ್ಟು, ಇವರ ಹರಕೆಗೆ ಹೊಸ ದಿನ ಹುಡುಕಬೇಕು. ದಿನ ಖಾಲಿ ಬಿಟ್ಟರೆ ಹಳೆಯ ಪ್ರೋಗ್ರಾಂ ಒಪ್ಪುತ್ತಿರಲಿಲ್ಲ. ಅದಕ್ಕೇ ಅಂಥವರಿಗೆಲ್ಲ ಯಾರೂ ಕೇಳದ ಆ ವರ್ಷವನ್ನು ಹಾಕಿಟ್ಟಿದ್ದಳು. ತಮ್ಮ ಅಣ್ಣ ತೀರಿಕೊಂಡ ಮೇಲೆ ಕುಷ್ಟಜ್ಜನೂ ಆ ಸಾಲಿಗೆ ಸೇರಿದ್ದರು. ಇದು ಅವಳಿಗಲ್ಲದೆ ಇನ್ನೊಬ್ಬರಿಗೆ ತಿಳಿದಿರಲಿಲ್ಲ.

ಅವಳನ್ನು ಬಿಟ್ಟರೆ ಕಾಪಿ ಇದ್ದದ್ದು ರತೀಶನ ಹತ್ತಿರ ಮಾತ್ರ. ಅವನು ಅಜ್ಜನಿಗೆ ಯಾಕೆ ಫೋನು ಮಾಡಬೇಕು? ದಿನ ಸಿಗದೆ ಕಾಯುತ್ತಿರುವ ಮನೆಗಳ ನಂಬರು ಬೇರೆ ಮೇಳದವರಿಗೆ ಸಿಕ್ಕಿದರೆ ಅವರಿಗೆ ಹಬ್ಬ. ಗುಳಿ ಬೀಳುವ ಕೆನ್ನೆ, ಚಾ, ಆ ನೋಟ ಎಲ್ಲ ಇದಕ್ಕೇ ಇರಬೇಕು. ಹಾಗೆ ಅಂದುಕೊಂಡಾಗ ಸಿಟ್ಟಿಗಿಂತ ಮೊದಲು ಎದೆಯಲ್ಲಿ ಏನೋ ಕುಸಿಯಿತು. ಅದು ಕುರ್ಚಿ ಹೋಗುವ ಹೆದರಿಕೆಯಲ್ಲ ಎಂಬುದು ಅವಳಿಗೆ ತಿಳಿಯಿತು, ಮತ್ತು ಇಷ್ಟವಾಗಲಿಲ್ಲ.

ಅವನು ಬಂದಾಗ ಅವಳು ಕುಳಿತುಕೊಳ್ಳಿ ಎನ್ನಲಿಲ್ಲ.

"ಕುಷ್ಟಜ್ಜನ ನಂಬರ್ ಯಾವ ಮೇಳಕ್ಕೆ ಕೊಟ್ರಿ?"

"ಮೇಳಕ್ಕಾ?" ಅವನ ಮುಖದ ಬಣ್ಣ ಇಳಿಯಿತು. "ಇಲ್ಲೆ ಮರಾಯ್ರೆ. ನನ್ನತ್ರ ಒಂದ್ ತಪ್ಪಾಯ್ತ್."

ಅವನು ನಿಂತೇ ಹೇಳಿದ. ಅಷ್ಟು ಮುಂದಿನ ವರ್ಷವೆಲ್ಲ ಟೈಪಿಂಗಿನ ತಪ್ಪೆಂದು ಎಣಿಸಿ ಅವನ ಹೊಸ ಪ್ರೋಗ್ರಾಂ ಆ ಮನೆಗಳನ್ನು ಅಳಿಸಿತ್ತು, ಅವನ ಮನೆಯ ಕಾಪಿಯಲ್ಲಿ. ಲೆಕ್ಕ ತಾಳೆ ನೋಡುವಾಗ ಮನೆಗಳು ಕಡಿಮೆ ಬಂದವು. ಎದೆ ಹಾರಿ, ಒಂದು ಮನೆಗೆ ಫೋನು ಮಾಡಿದ್ದ. ಸೂತಕದ ಸಂಗತಿ ಅಜ್ಜನ ಬಾಯಲ್ಲೇ ತಿಳಿಯಿತು.

"ನನ್ನತ್ರ ಕೇಣ್ಲಕ್ಕಿತ್ತಲೆ?"

"ಅಳ್ಸಿದೆ ಅಂದೇಳಿ ನಿಮ್ಮೆದುರ್ ಹೇಳುಕೆ ನಾಚ್ಕೆ ಆಯ್ತ್. ಮೊದ್ಲ್ ಬಂದವ್ನ ಕತೆ ಲೀಲಾಧರಣ್ಣ ಹೇಳಿದ್ರ್." ಅವನು ತಲೆ ತಗ್ಗಿಸಿದ. "ಈಗ ಸೂತಕದವ್ರಿಗೆ ಬೇರೆಯೇ ಒಂದ್ ಜಾಗ ಮಾಡಿದ್ದೆ. ದಿನ ಹಾಕದಿದ್ರೂ ಹೆಸ್ರ್ ಹೋಪುದಿಲ್ಲೆ. ಇದ್ ಹೋದ ವಾರವೇ ಮುಗ್ದಿತ್ತ್."

"ಮತ್ತೆ ಈ ವಾರ ಎಂತಕ್ಕೆ ಬಂದದ್ದ್?"

"ಮುಗೀತ್ ಅಂದ್ರೆ ಇಲ್ಲಿಗ್ ಬಪ್ಪುಕೆ ನೆವ ಇಲ್ಯಲೆ."

ವನಜ ಅವನಿಗೆ ಕುರ್ಚಿ ತೋರಿಸಿದಳು.

ಆ ದಿನ ಅವಳು ಅವನ ಪಕ್ಕದಲ್ಲೇ ಕುರ್ಚಿ ಹಾಕಿ ಕುಳಿತಳು. ಹೊಸ ಪ್ರೋಗ್ರಾಂ ಹಾಕಿದ ಮೇಲೆ ಸೂತಕದ ಒಂದೊಂದು ಮನೆಯನ್ನೂ ಹೆಸರು ಹಿಡಿದು ಹುಡುಕಿಸಿದಳು. ಎಲ್ಲರೂ ಇದ್ದರು. ಆದರೂ ಹಳೆಯದನ್ನು ಅಳಿಸಲು ಬಿಡಲಿಲ್ಲ. "ಎರಡೂ ಒಟ್ಟಿಗೆ ಇರ್ಲಿ. ಹಳೇದ್ ಯಾವಾಗ ತೆಗೂದ್ ಅಂದೇಳಿ ನೀವೇ ಹೇಳಿ," ಎಂದು ಅವನೂ ಒಪ್ಪಿದ.

"ಕಾಪಿ ಇಲ್ಲೆ ಅಂದೇಳಿ ಆ ದಿನ ನಾನ್ ಸುಳ್ಳ್ ಹೇಳಿದ್ದ್," ಎಂದಳು ವನಜ, ಪರದೆ ನೋಡುತ್ತಲೇ.

"ಗೊತ್ತಿತ್ತ್. ಸಿಡಿ ಹಾಕುವಾಗ ಡ್ರೈವ್ ಇನ್ನೂ ಬಿಸಿ ಇದ್ದಿತ್ತ್."

"ಮತ್ತೆ ಹೇಳ್ಲಿಲ್ಲೆ?"

"ನೀವ್ ಪರೀಕ್ಷೆ ಮಾಡ್ತಾ ಇದ್ರಿ. ಪಾಸ್ ಆಪುಕೆ ಆಸೆ ಇದ್ದಿತ್ತ್."

ಅವಳಿಗೆ ನಗು ಬಂತು. ಅದನ್ನು ಕೆಮ್ಮಿನಲ್ಲಿ ಮುಚ್ಚಿದಳು. ಅವನು ನೋಡಿಯೂ ನೋಡದವನಂತೆ ಚೀಲ ಹೆಗಲಿಗೆ ಹಾಕಿಕೊಂಡ. ಬಾಗಿಲ ಹತ್ತಿರ ಹೋದವನು ತಿರುಗಿದ.

"ಆದಿತ್ಯವಾರ ಬೈಂದೂರಿಗೆ ಬನ್ನಿ. ಸ್ಟೇಷನ್ ಹತ್ರ ಅಕ್ಕನ ಮನೆ, ಚೇತನಾ ಅಂದ್ರೆ ಯಾರ್ ಬೇಕಾರೂ ತೋರ್ಸ್ತ್ರ್. ನನ್ನ ವಿಷಯ ಎಂತ ಬೇಕಾರೂ ಅವ್ಳತ್ರ ಕೇಣಿ. ನಾನ್ ಅಲ್ಲಿ ಇಪ್ಪುದಿಲ್ಲೆ."

"ಕಾಂಬ," ಎಂದಳು ವನಜ.

ಬ್ರಹ್ಮಾವರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅವಳು ಅವನ ಮಾತನ್ನು ಮಗುಚಿ ಮಗುಚಿ ನೋಡಿದಳು. ಆದಿತ್ಯವಾರ ಎಂದು ಮೊದಲೇ ಹೇಳಿದ್ದಾನೆ. ಅಕ್ಕ ಮನೆ ಒಪ್ಪ ಮಾಡಿಟ್ಟಿರುತ್ತಾಳೆ, ತಮ್ಮನ ಬಗೆಗಿನ ಮಾತನ್ನೂ ಒಪ್ಪ ಮಾಡಿಟ್ಟಿರುತ್ತಾಳೆ. ತಿಳಿಯಬೇಕಾದ್ದು ಹೇಳದೆ ಹೋದ ದಿನವೇ ತಿಳಿಯುವುದು.

ಮನೆಯಲ್ಲಿ ಅತ್ತಿಗೆ ಕುಸುಮ ಬಂಗಡೆ ತೊಳೆಯುತ್ತಿದ್ದಳು. "ವನಜ, ಆದಿತ್ಯವಾರ ಮನೆಯಲ್ಲೇ ಇರ್ತ್ಯಲ್ದಾ? ಹಪ್ಪಳಕ್ಕೆ ಕೈ ಬೇಕಿತ್ತ್."

"ಇರ್ತೆ ಅತ್ಗೆ. ಎಲ್ಲಿಗೂ ಹೋತಿಲ್ಲೆ."

ಅದು ಸುಳ್ಳಾಗಿರಲಿಲ್ಲ. ಶನಿವಾರ ಆಫೀಸು ಅರ್ಧ ದಿನ. ಬಾಗಿಲು ಹಾಕಿ, ಬ್ರಹ್ಮಾವರದ ಬಸ್ಸು ನಿಲ್ಲುವ ಕಡೆಗೆ ಹೋಗದೆ, ರಸ್ತೆ ದಾಟಿ ಆಚೆ ಬದಿಯಲ್ಲಿ ನಿಲ್ಲಬೇಕೆಂದು ಅವಳು ನಿಶ್ಚಯಿಸಿಯಾಗಿತ್ತು. ಬೈಂದೂರಿನ ಬಸ್ಸು ಅಲ್ಲಿ ನಿಲ್ಲುತ್ತದೆ. ವನಜ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಅತ್ತಿಗೆಯ ಪಕ್ಕ ಕುಳಿತು, ಮೀನಿಗೆ ಉಪ್ಪು ಸವರತೊಡಗಿದಳು.