ಡಾಕ್ಟರಮ್ಮನಿಗೆ ಹೇಳದ ಸಂತೋಷ

ಪ್ಯಾಂಟಿನ ಅಂಚು ಮಡಚಿ ಹೊಲಿಯುತ್ತಿದ್ದವಳ ಕೈ ಹಾಗೇ ನಿಂತಿತು.

ಅಂಗಡಿ ಬಾಗಿಲಲ್ಲಿ ಪಕ್ಕದ ಬೇಕರಿಯವನು! ಎರಡು ತಿಂಗಳಿಂದ ಅವಳು ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದದ್ದು ಇವನಿಂದಲೇ.

"ಕರೆಸಿದ್ರಂತೆ?"

"ನಾನಾ? ಇಲ್ಲಪ್ಪಾ!"

"ನಾನೇ ಕರೆಸಿದ್ದು," ಒಳಗಿಂದ ಚಿಕ್ಕಮ್ಮನ ದನಿ. "ದಿನಾ ನಿನ್ನ ನೋಡೋರನ್ನ ಕರ್ಕೊಂಡು ಬಾ ಅಂದಿದ್ದಾರಲ್ಲ ಡಾಕ್ಟರಮ್ಮ? ನಾನು ಬಂದೇ ಎಂಟು ದಿನ ಆಗಿಲ್ಲ. ಗೋಡೆ ಆಚೆಯಿಂದ ನಿನ್ನ ಮೇಲೆ ಕಣ್ಣಿಟ್ಟಿರೋನು ಇವನೇ ತಾನೆ? ಹೋಗಿ ಬನ್ನಿ!"

ಬೇಕರಿಯವನ ಕಿವಿ ಕೆಂಪಾಯಿತು.

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬೇಸಿಗೆಯಲ್ಲಿ ತಾನೇ ಮೇಲೆ ಬಿದ್ದು, 'ನನ್ನ ಮದುವೆ ಆಗ್ತೀರಾ?' ಎಂದು ಕೇಳಿದ್ದಳು. ಅವನು ಹೂಂ ಎಂದಿದ್ದ. ಅವನ ತಾಯಿ, 'ನಿನ್ನ ನೋಡೋಕೆ ಯಾವಾಗ ಬರಲಿ, ಮಗಳೇ?' ಎಂದು ಕಾಗದ ಬರೆದಿದ್ದರು. ಅಷ್ಟರಲ್ಲಿ ಇವಳು ಅಳುತ್ತಾ ಹಾಸಿಗೆ ಹಿಡಿದಿದ್ದಳು. ಆ ಕಾಗದಕ್ಕೆ ಉತ್ತರ ಇವತ್ತಿಗೂ ಹೋಗಿರಲಿಲ್ಲ...

ಆಸ್ಪತ್ರೆಯಲ್ಲಿ ಇಬ್ಬರನ್ನೂ ಕೂರಿಸಿ, ಡಾಕ್ಟರಮ್ಮ ಅವಳ ಥೈರಾಯ್ಡ್ ರಿಪೋರ್ಟ್ ನೋಡಿ ಪಕ್ಕಕ್ಕಿಟ್ಟರು.

"ರಕ್ತದಲ್ಲಿ ತೊಂದರೆಯಿಲ್ಲ. ನನಗಿರೋ ಅನುಮಾನ ರಕ್ತಪರೀಕ್ಷೆಗೆ ಸಿಗಲ್ಲ, ಮಾತಲ್ಲೇ ಹಿಡೀಬೇಕು. ನೀವು ಹೇಳಿ, ಇವರು ಯಾವಾಗಲಾದ್ರೂ ವಿಪರೀತ ಹುರುಪಲ್ಲಿ ಇದ್ರಾ?"

ಅವನು 'ಹೇಳಲಾ?' ಎಂಬಂತೆ ಅವಳತ್ತ ನೋಡಿದ. ಅವಳು ಹೂಂ ಎಂದು ತಲೆಯಾಡಿಸಿದಳು.

"ಬೇಸಿಗೆಯಲ್ಲಿ, ಒಂದು ವಾರಕ್ಕೂ ಮೇಲೆ. ನಿದ್ದೆ ಇಲ್ಲ, ಸುಸ್ತೂ ಇಲ್ಲ. ಮಾತಂತೂ ಅರಳು ಹುರಿದ ಹಾಗೆ! ಗಿರಾಕಿಗಳ ಬಿಳಿ ಶರ್ಟಿಗೆಲ್ಲ ಕೆಂಪು ಗುಂಡಿ ಹೊಲಿದ್ಬಿಟ್ರು, ಬೀದಿಗೆ ಕಳೆ ಬರಲಿ ಅಂತ. ಬೇಡ ಅಂದಿದ್ದಕ್ಕೆ ನನ್ನ ಹೊಡೆಯೋಕೇ ಬಂದ್ರು."

"ಇದನ್ನ ಯಾಕಮ್ಮ ಹೇಳ್ಲಿಲ್ಲ? ಹೋದ ಸಲ ಬರೀ ಅಳೋ ದಿನಗಳನ್ನ ಹೇಳಿದ್ರಿ."

"ಸಂತೋಷವಾಗಿದ್ದೆ ಡಾಕ್ಟ್ರೇ... ಅದನ್ನೂ ಕಾಯಿಲೆ ಅಂತ ಯಾರಾದ್ರೂ ಹೇಳ್ಕೋತಾರಾ?"

ಡಾಕ್ಟರಮ್ಮ ಇನ್ನೂ ಏನೇನೋ ಕೇಳಿದರು. ಹಿಂದೆಯೂ ಹೀಗಾಗಿತ್ತೇ? ಮನೆಯಲ್ಲಿ ಬೇರೆ ಯಾರಿಗಾದರೂ? ಅಪ್ಪನೂ ಹೀಗೇ ಇದ್ದರಂತೆ ಎಂದಳು ಅವಳು, ಮೆಲ್ಲಗೆ.

"ಇದು ಬೈಪೋಲಾರ್. ಒಮ್ಮೆ ಆಕಾಶ, ಒಮ್ಮೆ ಪಾತಾಳ. ಬರೀ ಖಿನ್ನತೆ ಅಂದ್ಕೊಂಡು ಮಾತ್ರೆ ಕೊಟ್ಟಿದ್ರೆ ಹುರುಪು ಇನ್ನೂ ಕೆರಳಬಹುದಿತ್ತು. ಬೇರೆ ಔಷಧಿ ಇದೆ, ಬಿಡದೆ ತಗೋಬೇಕು."

"ಹಾಗಾದ್ರೆ... ಆ ವಾರ ಇವರಿಗೆ ಹೇಳಿದ ಪ್ರೀತಿ? ಅದೂ ಕಾಯಿಲೆನಾ?"

ಡಾಕ್ಟರಮ್ಮ ನಕ್ಕರು. "ಅದಕ್ಕೆ ನನ್ನ ಹತ್ರ ಪರೀಕ್ಷೆ ಇಲ್ಲಮ್ಮ. ಹೊರಗೆ ಬೆಂಚಿದೆ, ನೀವಿಬ್ರೇ ವಿಚಾರಿಸ್ಕೊಳ್ಳಿ."

ಬೆಂಚಿನ ಈ ತುದಿಗೆ ಅವಳು, ಆ ತುದಿಗೆ ಅವನು.

"ನೀವು ಹೂಂ ಅಂದಿದ್ದು ಆ ಕೆಂಪು ಗುಂಡಿಯವಳಿಗೆ..."

"ಅಯ್ಯೋ, ಅವಳನ್ನ ಕಂಡ್ರೆ ನನಗೆ ಭಯ ಕಣ್ರೀ! ಅದಕ್ಕೂ ಮೊದಲು, ನನ್ನ ಏಪ್ರನ್ ಜೇಬಲ್ಲಿ ಹಿಟ್ಟು ಸೇರುತ್ತೆ ಅಂತ ಬೈದು, ಮತ್ತೆ ಮತ್ತೆ ಬಿಚ್ಚಿ ಹೊಲಿದ್ರಲ್ಲ ಒಬ್ಬ ಸಿಡುಕಿ... ಹೂಂ ಅಂದಿದ್ದು ಅವಳಿಗೆ."

ಅವಳು ಗಕ್ಕನೆ ತಲೆಯೆತ್ತಿದಳು. ಹೌದಲ್ಲ... ಆಗ ಯಾವ ಹುರುಪೂ ಇರಲಿಲ್ಲ!

"ಆ ಜೇಬು ಮೊದಲ ಸಲವೇ ಸರಿಯಾಗಿತ್ತು."

"ಮತ್ತೆ ಬಿಚ್ಚಿದ್ದು?"

"ನೀವು ಇನ್ನೊಂದ್ಸಲ ಬರಲಿ ಅಂತ..."

ಅವನು ಬೆಂಚಿನ ಈ ತುದಿಗೆ ಸರಿದ.

ಸಂಜೆ ಅವಳು ಕಾಗದ ಬರೆದಳು. 'ಅಮ್ಮಾ, ತಡವಾಯಿತು, ಕ್ಷಮಿಸಿ. ನನಗೆ ಬೈಪೋಲಾರ್ ಎಂಬ ಕಾಯಿಲೆ ಇದೆ. ಔಷಧಿ ಶುರುವಾಗಿದೆ. ನಿಮ್ಮ ಮಗನೆಂದರೆ ನನಗೆ ಪ್ರಾಣ. ಎಲ್ಲ ತಿಳಿದ ಮೇಲೂ ಮನಸ್ಸಿದ್ದರೆ, ಬನ್ನಿ.'

ಅಂಚೆ ಡಬ್ಬಿಯ ಮುಂದೆ ಅವಳು ಜೊತೆಗೆ ಬಂದಿದ್ದ ಅವನತ್ತ ತಿರುಗಿದಳು.

"ಹಾಕ್ಲಾ?"

"ಹಾಕಿ."

"ಇನ್ನೂ ಬಹುವಚನವಾ?"

ಅವನು ನಕ್ಕ. "ಹಾಕು ಮಾರಾಯ್ತಿ!"

ಅವಳು ಕಾಗದವನ್ನು ಡಬ್ಬಿಯೊಳಗೆ ಬಿಟ್ಟಳು.