ಜೋತು ಬೀಳದ ದಾರ

"ಇಲ್ಲಿ ಮಾಲೀಕರು ಯಾರು? ಹೊರಗೆ ಬನ್ನಿ!"

ಅಂಕೋಲೆಯ ಆ ಸಣ್ಣ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ನಾಗಶ್ರೀ ಕೂಗಿದ ರಭಸಕ್ಕೆ ಒಳಗಿನ ಗರಗಸದ ಸದ್ದು ಗಕ್ಕನೆ ನಿಂತಿತು.

ಅವಳ ಕೈಯಲ್ಲಿ ಕಿಟಕಿಗೆ ಹಾಕುವ ಬ್ಲೈಂಡ್ಸ್ ಇತ್ತು. ದಾರ ಎಳೆದರೆ ಮೇಲೇರುವ, ಕೋಲು ತಿರುಗಿಸಿದರೆ ಪಟ್ಟಿಗಳು ಓರೆಯಾಗಿ ಬಿಸಿಲು ತಡೆಯುವ ಪರದೆ. ಅದರ ಬದಿಯಲ್ಲಿ ಜೋತಾಡುವ ಉದ್ದನೆಯ ದಾರ ಚಾಕುವಿನಿಂದ ಕೊಯ್ದು ತುಂಡಾಗಿತ್ತು.

ಮೈಗೆಲ್ಲ ಮರದ ಪುಡಿ ಮೆತ್ತಿಕೊಂಡಿದ್ದ ಯುವಕನೊಬ್ಬ ಎದ್ದು ಬಂದ.

"ನಾನೇ... ಸಂದೇಶ. ಏನಾಯ್ತು?"

"ಏನಾಯ್ತಾ? ಕಾರವಾರದಲ್ಲಿ ನಮ್ಮಕ್ಕ ಜಯಂತಿಯ ಫ್ಲ್ಯಾಟಿಗೆ ಇದನ್ನು ಕೂರಿಸಿದ್ದು ನೀವೇ ಅಲ್ವಾ? ಮೊನ್ನೆ ಅವಳ ಮಗಳು ಮಂಚ ಹತ್ತಿ ಈ ದಾರವನ್ನ ಹಾರದ ಹಾಗೆ ಕುತ್ತಿಗೆಗೆ ಹಾಕ್ಕೊಂಡಿತ್ತು. ಕಾಲು ಜಾರ್ತು. ನಾನು ಆ ಹೊತ್ತಿಗೆ ಅಲ್ಲಿಗೆ ಹೋಗದೇ ಇದ್ದಿದ್ರೆ...!"

ಎರಡೂವರೆ ವರ್ಷದ ರೂಪಾಲಿಯ ನೀಲಿಗಟ್ಟಿದ್ದ ತುಟಿ ಕಣ್ಣ ಮುಂದೆ ಬಂತು. ಒಂದು ಕೈಯಲ್ಲಿ ಮಗುವನ್ನು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ದಾರ ಕೊಯ್ದವಳು ಅವಳೇ.

ಅಯ್ಯೋ, ನಮ್ಮದೇನು ತಪ್ಪಿದೆ ಮೇಡಂ ಎಂದು ಅವನು ವಾದಿಸುತ್ತಾನೆ ಅಂದುಕೊಂಡಿದ್ದಳು. ಅದಕ್ಕೆ ಕೊಡಬೇಕಾದ ಉತ್ತರಗಳನ್ನು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು.

ಆದರೆ ಅವನ ಮುಖ ಬಿಳಿಚಿಕೊಂಡಿತು.

"ಮಗು... ಮಗು ಈಗ ಹ್ಯಾಂಗದೆ?"

"ಬದುಕಿದೆ. ಆಸ್ಪತ್ರೆಲಿದೆ. ನಾಳೆ ಮನೆಗೆ ಕಳಿಸ್ತಾರೆ."

ಅವನು ಹತ್ತಿರದ ಸ್ಟೂಲನ್ನು ಹಿಡಿದುಕೊಂಡು ಕುಳಿತುಬಿಟ್ಟ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ದಾರ ಮೇಲೆ ಸುತ್ತಿಡೂಕೆ ಗೋಡೆಗೊಂದು ಕೊಕ್ಕೆ ಹಾಕ್ಬೇಕು ಅಂತ ನಿಮಗೆ ಹೊಳೀಲೇ ಇಲ್ವಾ? ಒಂದು ಕೊಕ್ಕೆ! ಅಷ್ಟೂ ಬೇಜವಾಬ್ದಾರಿನಾ?"

ಮೂಲೆಯಲ್ಲಿದ್ದ ಮುದುಕ ಬಡಗಿ, ಹಿಲ್ಲೂರಿನ ಬೊಮ್ಮು, ಉಳಿ ಕೆಳಗಿಟ್ಟ. "ಅಲ್ರಾ ತಂಗಿ, ಆ ಕೊಕ್ಕೆ ಅಂದ್ರೆ..."

"ಬೊಮ್ಮಣ್ಣ, ಸುಮ್ನಿರಿ!" ಸಂದೇಶ ತಡೆದ. ಮತ್ತೆ ಅವಳತ್ತ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದ. "ತಪ್ಪು ನಮ್ದೇ."

ಜಗಳವಾಡಲೆಂದೇ ಬಂದವಳಿಗೆ ಎದುರಾಳಿಯೇ ಇಲ್ಲದಂತಾಯಿತು. ಬ್ಲೈಂಡ್ಸನ್ನು ಅಲ್ಲೇ ನೆಲಕ್ಕೆ ಹಾಕಿ, ಹಿಂತಿರುಗಿ ನೋಡದೆ ಹೊರಟುಬಿಟ್ಟಳು.

ಮರುದಿನ ರೂಪಾಲಿಯನ್ನು ಮನೆಗೆ ಕರೆತಂದಾಗ ಅವನು ಮೆಟ್ಟಿಲ ಬಳಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ!

"ಉಳಿದ ಕಿಟಕಿದೂ ಬಿಚ್ಕಂಡು ಹೋಗೂಕೆ ಬಂದೆ," ಎಂದ. ಅಕ್ಕ ಅವನನ್ನು ಕಂಡದ್ದೇ ತಲೆ ತಗ್ಗಿಸಿ ಮಗುವನ್ನೆತ್ತಿಕೊಂಡು ಒಳಕೋಣೆಗೆ ಹೋಗಿಬಿಟ್ಟಳು. ಸಿಟ್ಟಿರಬೇಕು ಎಂದುಕೊಂಡಳು ನಾಗಶ್ರೀ.

ಅವನು ಅವರ ಮನೆಗೆ ಮಾತ್ರ ಬಂದದ್ದಲ್ಲ. ಕಾರವಾರ, ಅಂಕೋಲೆ ಸೇರಿ ತಾನು ಬ್ಲೈಂಡ್ಸ್ ಕೂರಿಸಿದ್ದ ನಲವತ್ತಮೂರು ಮನೆಗಳಿಗೂ ಬೈಕಿನಲ್ಲಿ ಹೋಗಿ ದಾರ ಗಿಡ್ಡ ಮಾಡಿ, ಕೊಕ್ಕೆ ಹಾಕಿ ಬಂದನಂತೆ. ನಾಗಶ್ರೀ ವಿಜ್ಞಾನ ಕಲಿಸುವ ಹೈಸ್ಕೂಲಿನ ಹೆಡ್‌ಮಾಸ್ತರರ ಮನೆಗೂ ಹೋಗಿದ್ದನಂತೆ. ಅವರೇ ಹೇಳಿದರು.

ತಪ್ಪು ಮಾಡಿದವನು ಹೀಗೂ ಇರ್ತಾನಾ...?

ಒಂದು ವಾರದ ನಂತರ ಅವನ ಫೋನ್ ಬಂತು.

"ಮೇಡಂ, ಕೊಕ್ಕೆಯಿಂದ ಪೂರಾ ಆಗೂದಿಲ್ಲ. ಮನುಷ್ಯ ಅಂದ್ಮೇಲೆ ಒಂದಿನ ದಾರ ಸುತ್ತಿಡೂಕೆ ಮರೀತಾನೆ. ಮರೆತ್ರೂ ಮಕ್ಕಳಿಗೆ ಏನೂ ಆಗ್ಬಾರ್ದು. ಅಂಥದ್ದೊಂದು ಮಾಡ್ಬೇಕು ಅಂತ ಅದೆ. ನೀವು ಬಂದು ನೋಡ್ತ್ರಾ?"

"ನಾನ್ಯಾಕೆ?"

"ತಪ್ಪು ಹುಡುಕೂಕೆ ನಿಮ್ಮಷ್ಟು ಚಲೋ ಬೇರೆ ಯಾರೂ ಸಿಗೂದಿಲ್ಲ."

ಬೇಡ ಬೇಡವೆಂದರೂ ಅವಳ ತುಟಿಯಂಚಿನಲ್ಲಿ ನಗು ಇಣುಕಿತು.

ಹಾಗೆ ಶುರುವಾದವು ಆ ಶನಿವಾರಗಳು. ಅರ್ಧ ದಿನದ ಶಾಲೆ ಮುಗಿಸಿ ಅಂಕೋಲೆಯ ಬಸ್ಸು ಹತ್ತುವುದು, ಸಂಜೆಯೊಳಗೆ ಕಾರವಾರದ ಬಳಿಯ ಹಣಕೋಣದ ಮನೆಗೆ ಮರಳುವುದು. ಅಪ್ಪ ಕೇಳಿದರೆ "ಸ್ಪೆಷಲ್ ಕ್ಲಾಸು" ಎನ್ನುತ್ತಿದ್ದಳು. ಒಂದು ಲೆಕ್ಕದಲ್ಲಿ ಸುಳ್ಳೇನೂ ಅಲ್ಲ!

ಸಂದೇಶ ಮೊದಲು ದಾರವನ್ನೇ ತೆಗೆದುಹಾಕಿ ಮೇಲಿನ ಪೆಟ್ಟಿಗೆಯೊಳಗೆ ಸ್ಪ್ರಿಂಗ್ ಕೂರಿಸಿದ. ಕೈಯಿಂದ ಎತ್ತಿದರೆ ಪರದೆ ಮೇಲೇರುತ್ತಿತ್ತು. ಆದರೆ ಎತ್ತಿದಷ್ಟೂ ಪಟ್ಟಿಗಳೆಲ್ಲ ಒಂದರ ಮೇಲೊಂದು ಕೂತು ಭಾರ ಹೆಚ್ಚಿ, ಎರಡೇ ನಿಮಿಷಕ್ಕೆ ಸರ್ರನೆ ಕೆಳಗೆ ಜಾರುತ್ತಿತ್ತು. ಗಟ್ಟಿ ಸ್ಪ್ರಿಂಗ್ ಹಾಕಿದರೆ ಕೆಳಗೆ ಇಳಿಯಲೇ ಒಲ್ಲದು. ಜುಲೈ ಹೊತ್ತಿಗೆ ಕಡಲ ಗಾಳಿಯ ಉಪ್ಪಿಗೆ ಸ್ಪ್ರಿಂಗ್ ಪೂರ್ತಿ ತುಕ್ಕು ಹಿಡಿದು ಕಿರುಗುಟ್ಟತೊಡಗಿತು.

"ಇದೂ ಹೋಯ್ತು," ಎನ್ನುತ್ತಿದ್ದ ಅವನು, ಪ್ರತಿ ಸಲವೂ.

"ಇನ್ನೊಂದು ಮಾಡಿ," ಎನ್ನುತ್ತಿದ್ದಳು ಅವಳು, ಪ್ರತಿ ಸಲವೂ.

ಬೊಮ್ಮು ಇಬ್ಬರಿಗೂ ಚಾ ತಂದಿಟ್ಟು ಬೇರೆ ಕಡೆ ಮುಖ ಮಾಡಿ ಕೂರುತ್ತಿದ್ದ.

ಅವನ ಸೋತ ಮುಖ ನೋಡಿದರೆ ನಂಗ್ಯಾಕೆ ಇಷ್ಟು ಬೇಜಾರಾಗ್ತದೆ? ಬಸ್ಸಿನ ಕಿಟಕಿಗೆ ತಲೆಯಾನಿಸಿ ನಾಗಶ್ರೀ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಉತ್ತರ ಗೊತ್ತಿತ್ತು. ಅದಕ್ಕೇ ಭಯ.

ಶ್ರಾವಣದ ಹುಣ್ಣಿಮೆ ಮುಗಿದ ಮೇಲಿನ ಶನಿವಾರ. ನಾಲ್ಕನೆಯ ಮಾದರಿಯೂ ಕಣ್ಣೆದುರೇ ಜಾರಿ ಕೆಳಗೆ ಬಿತ್ತು. ಸಂದೇಶ ತಲೆಯ ಮೇಲೆ ಕೈ ಹೊತ್ತು ಕೂತ.

ನಾಗಶ್ರೀ ಪೆನ್ನಿಗಾಗಿ ಬ್ಯಾಗು ತಡಕಿದಾಗ ಕೈಗೆ ಸಿಕ್ಕಿದ್ದು ಒಂದು ರಾಖಿ. ಚಿಕ್ಕಪ್ಪನ ಮಗ ಸೂರಜ್‌ಗೆ ಕಟ್ಟಲು ತಂದಿದ್ದ ಪೊಟ್ಟಣದಲ್ಲಿ ಉಳಿದದ್ದು. ಅದರ ಎರಡೂ ದಾರ ಒಂದೇ ಸಣ್ಣ ಮಣಿಯೊಳಗೆ ತೂರಿ ಬಂದಿದ್ದವು. ಮಣಿಯನ್ನು ಮೇಲೆ ಸರಿಸಿದಳು. ಅಲ್ಲೇ ನಿಂತಿತು. ಕೆಳಗೆ ಸರಿಸಿದಳು. ಅಲ್ಲೂ ನಿಂತಿತು!

ಅವಳು ದಡಬಡನೆ ಅವನ ಬಳಿ ಬಂದಳು.

"ಸಂದೇಶ್, ಕೈ ಕೊಡಿ ಇಲ್ಲಿ! ಬೇಗ!"

ಅವನು ಕೈ ಚಾಚಿದ. ರಾಖಿ ಕಂಡದ್ದೇ ಬೆಂಕಿ ತಾಗಿದವನಂತೆ ಹಿಂದಕ್ಕೆಳೆದುಕೊಂಡ.

"ಬೇಡ! ಅದೊಂದು ಮಾತ್ರ ಬೇಡ ಮಾರಾಯ್ರೆ! ಬೇಕಾದ್ರೆ ಇನ್ನೂ ನಾಲ್ಕು ಬೈಗಳ ಬೈದುಬಿಡಿ!"

ಮೂಲೆಯಲ್ಲಿ ಬೊಮ್ಮು ಕೆಮ್ಮಿದ. ಕೆಮ್ಮು ನಿಧಾನವಾಗಿ ನಗುವಾಯಿತು.

ನಾಗಶ್ರೀಯ ಕಿವಿಯವರೆಗೂ ಬಿಸಿಯೇರಿತು. "ಕಟ್ಟೂಕಲ್ಲ ರೀ... ಈ ಮಣಿ ನೋಡೂಕೆ ಕರ್ದಿದ್ದು!"

"ಓ... ಮಣಿ..." ಅವನೂ ಕೆಂಪಾದ. ಮೂರು ನಿಮಿಷ ಇಬ್ಬರೂ ಮಣಿಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಆಮೇಲೆ ಅವಳೇ ಗಂಟಲು ಸರಿಮಾಡಿಕೊಂಡು ಹೇಳಿದಳು. "ದಾರ ತೆಗೆಯೂದೇ ಬೇಡ. ಮೇಲಿಂದ ಕಿಟಕಿಯ ತಳದವರೆಗೆ ಬಿಗಿದು ಕಟ್ಟಿಬಿಡುವಾ. ಪರದೆಯ ಕೆಳಗಿನ ದಪ್ಪ ಪಟ್ಟಿಯೊಳಗೆ ಎರಡು ದಾರ ಹೀಗೆ ಇಕ್ಕಟ್ಟಾಗಿ ಅಡ್ಡ ಹಾಯ್ದು ಹೋಗ್ಲಿ. ಕೈಯಿಂದ ಎಲ್ಲಿಗೆ ತಳ್ತೀರೋ ಅಲ್ಲೇ ನಿಲ್ತದೆ. ಜೋತು ಬೀಳೂಕೆ ದಾರವೇ ಉಳಿಯೂದಿಲ್ಲ. ತುಕ್ಕು ಹಿಡಿಯೂಕೆ ಸ್ಪ್ರಿಂಗೂ ಇಲ್ಲ!"

ಸಂದೇಶ ಅವಳನ್ನೇ ನೋಡುತ್ತ ನಿಂತ. ಆಮೇಲೆ ಬೊಮ್ಮುವಿನತ್ತ ತಿರುಗಿ ಕೂಗಿದ. "ಬೊಮ್ಮಣ್ಣ! ಡ್ರಿಲ್ ತಗಳ್ಳಿ!"

ಎರಡು ವಾರದಲ್ಲಿ ಅದು ಸಿದ್ಧವಾಯಿತು. ಪಟ್ಟಿ ಓರೆ ಮಾಡಲು ಬದಿಯಲ್ಲೊಂದು ಮರದ ಗುಂಡು ಹಿಡಿಕೆ, ಮುಷ್ಟಿಯಲ್ಲಿ ಹಿಡಿದು ತಿರುಗಿಸುವಂಥದ್ದು. ಭಾನುವಾರ ಬೆಳಿಗ್ಗೆ ಮೊದಲ ಪರದೆ ಜಯಂತಿಯ ಮನೆಯ ಅದೇ ಕಿಟಕಿಗೆ ಕೂತಿತು.

ರೂಪಾಲಿ ಮಂಚ ಹತ್ತಿ ನಿಂತಳು. ನಾಗಶ್ರೀ ಉಸಿರು ಬಿಗಿಹಿಡಿದಳು. ಮಗು ದಾರದೊಳಗೆ ಬೆರಳು ತೂರಿಸಿ ಜಗ್ಗಿತು. ದಾರ ವೀಣೆಯ ತಂತಿಯಂತೆ ಮಿಡಿದು ಮತ್ತೆ ನೆಟ್ಟಗಾಯಿತು. ಇನ್ನೊಮ್ಮೆ ಜಗ್ಗಿತು. ಬೇಸರ ಬಂದು, "ಮಾಶೀ, ಬಿಸ್ಕೂಟ್!" ಎಂದು ಚಿಕ್ಕಮ್ಮನಿಗೆ ಕೂಗಿ ಇಳಿದು ಓಡಿಹೋಯಿತು.

ನಾಗಶ್ರೀ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಮೂರು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲೊಂದು ಕೆಳಗಿಳಿದಂತಾಯಿತು. ಕಣ್ಣು ತೆರೆದಾಗ ಸಂದೇಶ ಎದುರಿಗೇ ನಿಂತಿದ್ದ.

"ನಾಗಶ್ರೀ... ಒಂದು ಮಾತು. ಶನಿವಾರ ಮಾತ್ರ ಅಲ್ಲ, ದಿನಾ ನೀವು ನನ್ ತಪ್ಪು ಹುಡುಕ್ತಾ ಇರ್ಬೇಕು ಅಂತ ಆಸೆ. ನನ್ನ ಮದ್ವೆ ಆಗ್ತ್ರಾ?"

ಹೂಂ ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವನ ಬೆನ್ನ ಹಿಂದಿನ ಬರಿಗೋಡೆ ಕಂಡಿತು. ಮಗುವಿನ ಕುತ್ತಿಗೆಯ ಕೆಂಪು ಗೆರೆ ನೆನಪಾಯಿತು.

"ನೀವು ಒಳ್ಳೆಯವ್ರು ಅಂತ ಗೊತ್ತು. ಆದ್ರೆ... ಅವತ್ತು ಈ ಗೋಡೆಗೆ ಒಂದು ಕೊಕ್ಕೆ ಹಾಕಿದ್ರೆ ಆ ದಿನವೇ ಬರ್ತಿರ್ಲಿಲ್ಲ. ಮರೀಬೇಕು ಅಂದ್ರೂ ಮರೆಯೂಕೆ ಆಗ್ತಾ ಇಲ್ಲ ಸಂದೇಶ್. ನಾನೇನು ಮಾಡ್ಲಿ?"

ಅವನ ನೋಟ ಅಡುಗೆಮನೆಯ ಬಾಗಿಲತ್ತ ಹೋಗಿ ಮರಳಿತು.

"ಹೌದು. ಮರೆಯೂ ವಿಷಯ ಅಲ್ಲ ಅದು," ಎಂದು ಮೆಲ್ಲಗೆ ಹೇಳಿ, ಉಪಕರಣದ ಚೀಲ ಎತ್ತಿಕೊಂಡು ಮೆಟ್ಟಿಲಿಳಿದ.

ಅವನ ಬೈಕಿನ ಸದ್ದು ದೂರವಾಯಿತು. ಅಡುಗೆಮನೆಯ ಬಾಗಿಲಲ್ಲಿ ಏನೋ ಬಿದ್ದ ಶಬ್ದ. ಜಯಂತಿಯ ಕೈಯಿಂದ ತಟ್ಟೆ ಜಾರಿತ್ತು.

"ನಾಗೂ... ಅವ್ರದ್ದು ತಪ್ಪಿಲ್ವೇ..."

"ಏನಕ್ಕಾ?"

"ಅವ್ರು ಕೊಕ್ಕೆ ತಂದಿದ್ರು. ಡ್ರಿಲ್ ಗೋಡೆಗೆ ಇಟ್ಟೂ ಆಗಿತ್ತು. ನಾನೇ ಬೇಡ ಅಂದೆ. ಹೊಸಾ ಪೇಂಟು, ತೂತು ಬೀಳ್ತದೆ ಅಂತ... ಮಕ್ಕಳಿರೂ ಮನೆ ಮೇಡಂ, ಹಾಕುವಾ ಅಂತ ಎರಡು ಸಲ ಹೇಳಿದ್ರು. ನಾನು ಕೇಳ್ಲಿಲ್ಲ. ನನ್ ಮಗಳನ್ನ ನಾನೇ..."

ಜಯಂತಿ ಬಾಗಿಲ ಬಳಿಯೇ ಕುಸಿದು ಕೂತಳು. ಮೂರು ತಿಂಗಳು ತಡೆದಿಟ್ಟಿದ್ದ ಅಳು ಒಮ್ಮೆಲೇ ಒಡೆಯಿತು.

ನಾಗಶ್ರೀ ಓಡಿಹೋಗಿ ಅಕ್ಕನನ್ನು ಅಪ್ಪಿಕೊಂಡಳು. "ಅಳ್ಬೇಡ ಅಕ್ಕಾ. ನೀನು ಬೇಕಂತ ಮಾಡಿದ್ದಲ್ಲ. ರೂಪು ಚಲೋ ಇದ್ದಾಳಲ್ವಾ? ನೋಡು, ಬಿಸ್ಕೂಟ್ ತಿಂತಾ ಕೂತಿದೆ ನಿನ್ನ ಮಗಳು."

"ನೀನು ನನ್ನ ಬೈಯೂದಿಲ್ವಾ?"

"ಬೈಯೂದೆಲ್ಲಾ ಯಾರೋ ಒಬ್ರಿಗೆ ಬೈದು ಮುಗಿಸಿಬಿಟ್ಟಿದ್ದೇನೆ ಕಣೇ..."

ಅಕ್ಕ ಅಳುತ್ತಲೇ ನಕ್ಕಳು. ಎಷ್ಟೋ ದಿನಗಳ ನಂತರ ಅವಳ ಮುಖ ಹಗುರಾಗಿತ್ತು. "ಹೋಗೇ ಮೊದ್ಲು. ಇಲ್ಲಿ ಕೂತು ಏನು ಮಾಡ್ತೀ? ಅವ್ರ ಹತ್ರ ನನ್ನ ಪರವಾಗೂ ಕ್ಷಮೆ ಕೇಳು."

ಅಂಕೋಲೆಯ ವರ್ಕ್‌ಶಾಪಿನಲ್ಲಿ ಬೊಮ್ಮು ಒಬ್ಬನೇ ಇದ್ದ.

"ಸಂದೇಶ ಒಡೆದೀರು ಶೆಟಗೇರಿ ಮನಿಗೆ ಹೋದ್ರು ತಂಗಿ. ಇನ್ನು ಕಾರವಾರದ ಕೆಲ್ಸ ನೀನೇ ನೋಡ್ಕಾ ಅಂದ್ರು. ಮೋರೆ ನೋಡೂಕಾಗ್ಲಿಲ್ಲ."

ಅವಳು ಸಿಕ್ಕ ಆಟೋ ಹತ್ತಿದಳು. ದಾರಿಯುದ್ದಕ್ಕೂ ಒಂದೇ ಪ್ರಶ್ನೆ. ಅಷ್ಟು ಬೈದಾಗಲೂ ಒಂದು ಮಾತು ಹೇಳಲಿಲ್ಲವಲ್ಲ ಈ ಮನುಷ್ಯ!

ಶೆಟಗೇರಿಯ ಹೆಂಚಿನ ಮನೆಯ ಜಗುಲಿಯಲ್ಲಿ ಸಂದೇಶ ಒಬ್ಬನೇ ಕೂತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ಎಂತಾಯ್ತು? ಪರದೆ ಜಾರ್ತಾ? ರೂಪು...?"

"ಪರದೆಗೂ ಏನಾಗ್ಲಿಲ್ಲ, ರೂಪುಗೂ ಏನಾಗ್ಲಿಲ್ಲ!" ಅವಳ ಕಣ್ಣು ತುಂಬಿ ಬಂತು. "ಎಂಥಕ್ಕೆ ಹೇಳ್ಲಿಲ್ಲ ನೀವು? ಅಕ್ಕನೇ ಬೇಡ ಅಂದದ್ದು ಅಂತ ಎಂಥಕ್ಕೆ ಹೇಳ್ಲಿಲ್ಲ?"

ಅವನು ಜಗುಲಿಯ ಕಂಬಕ್ಕೆ ಕೈಯಾನಿಸಿದ.

"ಆಸ್ಪತ್ರೆಲಿ ಮಗು ಮಲಗಿದೆ ಅಂದ್ರಿ. ಅಂಥ ಹೊತ್ತಲ್ಲಿ ಅದರ ತಾಯಿಗೆ, ನಿಮ್ದೇ ತಪ್ಪು ಅಂತ ಹೇಳಿ ಕಳಿಸೂಕೆ ನಂಗೆ ಬಾಯಿ ಬರ್ಲಿಲ್ಲ. ಮತ್ತೆ... ಅವ್ರು ಬೇಡ ಅಂದ್ರು ಸರಿ. ದಾರ ಗಿಡ್ಡ ಮಾಡಿ ಬರ್ಬಹುದಾಗಿತ್ತಲ್ಲ ನಾನು? ಅದು ಹೊಳೀಲಿಲ್ಲ. ಅಷ್ಟರ ಮಟ್ಟಿಗೆ ತಪ್ಪು ನಂದೇ ನಾಗಶ್ರೀ."

"ಇವತ್ತಾದ್ರೂ ಹೇಳ್ಬಹುದಿತ್ತಲ್ಲ! ನಾನು ಬೇಡ ಅಂದಾಗ್ಲಾದ್ರೂ!"

"ನಿಮ್ಮಕ್ಕನ ಹೆಸ್ರು ಹೇಳಿ ನಿಮ್ಮನ್ನ ಗೆಲ್ಲೂದಾ? ಆಮೇಲೆ ಆ ಮನೆಲಿ ನೀವಿಬ್ರೂ ಮುಖ ಹ್ಯಾಂಗೆ ನೋಡ್ಕಳ್ತಿದ್ರಿ?"

ನಾಗಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಂಥವನನ್ನು ಕಳೆದುಕೊಳ್ಳಲು ಹೊರಟಿದ್ದೆನಲ್ಲ, ದೇವರೇ!

"ಅಕ್ಕ ಎಲ್ಲಾ ಹೇಳಿ ಅತ್ತು ಹಗುರಾದ್ಳು. ನಿಮ್ಮ ಹತ್ರ ಕ್ಷಮೆ ಕೇಳು ಅಂದ್ಳು. ನಾನೂ ಕೇಳ್ತಿದ್ದೇನೆ. ಕ್ಷಮಿಸ್ತ್ರಾ?"

"ಯಾವಾಗ್ಲೋ ಕ್ಷಮಿಸಿ ಆಯ್ತು."

"ಹಾಗಾದ್ರೆ ಬೆಳಿಗ್ಗೆ ಕೇಳಿದ್ದು ಇನ್ನೊಮ್ಮೆ ಕೇಳಿ."

ಸಂದೇಶ ತಲೆಯಾಡಿಸಿದ. "ಇಲ್ಲ ಮಾರಾಯ್ರೆ. ಒಂದೇ ದಿನ ಎರಡು ಸಲ ಕೇಳೂವಷ್ಟು ಧೈರ್ಯ ನಂಗಿಲ್ಲ."

"ಆಯ್ತು, ನಾನೇ ಕೇಳ್ತೇನೆ." ಅವಳು ಎರಡು ಹೆಜ್ಜೆ ಮುಂದೆ ಬಂದು ಅವನ ಒರಟು ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. "ನನ್ನ ಮದ್ವೆ ಆಗ್ತ್ರಾ ಸಂದೇಶ್?"

ಅವನು ಹಿಡಿದ ಕೈಯನ್ನು ಬಿಗಿಯಾಗಿ ಒತ್ತಿದ.

ಅಷ್ಟರಲ್ಲಿ ಒಳಗಿನಿಂದ ಅವನ ತಾಯಿ ದಮಯಂತಿಯ ದನಿ ಕೇಳಿತು. "ಸಂದೇಶಾ, ಯಾರಾ ಬಂದದ್ದು?"

ಅವನು ಗಾಬರಿಯಾಗಿ ಪಿಸುಗುಟ್ಟಿದ. "ಏನಂತ ಹೇಳ್ಲಿ?"

"ನಿಜ ಹೇಳಿ."

ಸಂದೇಶ ಅವಳನ್ನೇ ನೋಡಿದ. ಮುಖದ ತುಂಬ ನಗು ಹರಡಿತು. ಒಳಗಿನವರಿಗೆ ಕೇಳುವಂತೆ ಗಟ್ಟಿಯಾಗಿ ಕೂಗಿದ.

"ಆಯೀ, ಚಾ ಇಡೇ... ನಮ್ಮನೆಯವ್ರು ಬಂದಾರೆ!"